ತೂಕದಿಂದ ಸಂಖ್ಯೆಗೆ: ಆವರ್ತಕ ಕೋಷ್ಟಕವೂ ಪರಮಾಣು ರಚನೆಯೂ



ನಮ್ಮ ಶಾಲೆ ಕಾಲೇಜುಗಳ ರಸಾಯನಶಾಸ್ತ್ರದ ಪಠ್ಯಗಳಲ್ಲಿ ಒಂದು ಕ್ರಮ ಬಹುಕಾಲದಿಂದ ರೂಢಿಯಾಗಿದೆ. ಮೊದಲು ಪರಮಾಣುವಿನ ರಚನೆ: ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನುಗಳು, ಅವಕ್ಕೆ ಕವಚಗಳು. ಅದಾದ ಮೇಲೆ ಆವರ್ತಕ ಕೋಷ್ಟಕ, ಹಿಂದಿನ ಅಧ್ಯಾಯದ ಸಹಜ ಫಲವೋ ಎಂಬಂತೆ. ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇರುವುದರಿಂದ ಸೋಡಿಯಂ ಮೊದಲನೆಯ ಗುಂಪಿನಲ್ಲಿದೆ ಎಂದು ಮಕ್ಕಳು ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಪಾಠ ಹೇಳುವುದಕ್ಕೆ ಈ ಕ್ರಮ ಅನುಕೂಲವಾದದ್ದೇ. ಆದರೆ ಇದರಿಂದ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಕೋಷ್ಟಕ ರೂಪುಗೊಂಡದ್ದು 1869ರಲ್ಲಿ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ, ನ್ಯೂಕ್ಲಿಯಸ್ಸಿನ ಕಲ್ಪನೆ ಮೂಡಿದ್ದು 1911ರಲ್ಲಿ. ಪರಮಾಣು ಎಂಬುದೊಂದು ನಿಜವಾಗಿ ಇದೆಯೋ, ಅಥವಾ ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆಯೋ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ವಾದಿಸುತ್ತಿದ್ದ ಕಾಲದಲ್ಲಿ ಕೋಷ್ಟಕ ಸಿದ್ಧವಾಗಿತ್ತು.

ಹಾಗಾಗಿ ಈ ಉಪನ್ಯಾಸದಲ್ಲಿ ನಾನು ಮಂಡಿಸಬಯಸುವ ವಿಚಾರ ಇಷ್ಟು. ಪರಮಾಣುವಿನ ಮಾದರಿಗಳನ್ನು ಕಟ್ಟಿದವರ ಮುಂದೆ ಕೋಷ್ಟಕ ಮೊದಲೇ ಸಾಕ್ಷಿಯಾಗಿ ನಿಂತಿತ್ತು. ಅದರ ಸಾಕ್ಷ್ಯಕ್ಕೆ ಒಪ್ಪುವ ಮಾದರಿ ಉಳಿಯಿತು, ಒಪ್ಪದ್ದು ಬಿದ್ದುಹೋಯಿತು. ಆ ಸಾಕ್ಷ್ಯದಲ್ಲಿ ನೇರವಾಗಿ ಹೊಂದಿಕೊಂಡ ಭಾಗಗಳಿಗಿಂತ ಹೊಂದದೆ ತೊಡಕಾಗಿ ಉಳಿದ ಭಾಗಗಳೇ ಪರಮಾಣುವಿನ ಒಳಗುಟ್ಟನ್ನು ಹೆಚ್ಚು ತಿಳಿಸಿದವು. ಅಂಥ ತೊಡಕುಗಳಲ್ಲಿ ಒಂದನ್ನು, ಆರ್ಗಾನ್ ಎಂಬ ಅನಿಲದ್ದನ್ನು, ಹಿಡಿದುಕೊಂಡು ಮುಂದೆ ಹೋಗುತ್ತೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರಸಾಯನಜ್ಞರ ಕೈಯಲ್ಲಿದ್ದ ಮುಖ್ಯ ಅಳತೆ ಪರಮಾಣು ತೂಕ. ಅದೂ ನೆಟ್ಟಗಿರಲಿಲ್ಲ. ಆಮ್ಲಜನಕದ ತೂಕ 8 ಎಂದು ಕೆಲವರು, 16 ಎಂದು ಕೆಲವರು. ಇಂಗಾಲ ಒಬ್ಬರಿಗೆ 6, ಇನ್ನೊಬ್ಬರಿಗೆ 12. ನೀರಿನ ಸೂತ್ರದ ಬಗ್ಗೆಯೇ ಒಮ್ಮತವಿರಲಿಲ್ಲ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಸುಮಾರು 140 ಮಂದಿ ರಸಾಯನಜ್ಞರು ಈ ಗೊಂದಲದ ಚರ್ಚೆಗಾಗಿಯೇ ಸೇರಿದರು. ಇಟಲಿಯ ಕ್ಯಾನಿಜಾರೊ ಅವೊಗಾಡ್ರೊನ ಹಳೆಯ ಊಹೆಯನ್ನು ಆಧಾರವಾಗಿಟ್ಟುಕೊಂಡು ತೂಕಗಳನ್ನು ಹೇಗೆ ಸರಿಪಡಿಸಬಹುದೆಂದು ತೋರಿಸಿದ. ಅವನ ಕಿರುಹೊತ್ತಗೆಯ ಪ್ರತಿಗಳು ಸಭೆಯಲ್ಲಿ ಹಂಚಿಕೆಯಾದವು. ರಷ್ಯದ ಮೆಂಡಲೀವ್, ಜರ್ಮನಿಯ ಲೋಥರ್ ಮೆಯರ್ ಇಬ್ಬರೂ ಅಲ್ಲಿದ್ದರು. ತೂಕಗಳು ಸರಿಯಾಗದೆ ಇದ್ದಿದ್ದರೆ ಕೋಷ್ಟಕ ಹುಟ್ಟುತ್ತಿರಲಿಲ್ಲ.

1869ರಲ್ಲಿ ಮೆಂಡಲೀವನ ಮುಂದೆ ಇದ್ದದ್ದು 63 ಮೂಲವಸ್ತುಗಳು. ಅವನ್ನು ತೂಕದ ಏರಿಕೆಯಲ್ಲಿ ಬರೆಯುತ್ತ ಹೋದರೆ ಗುಣಗಳು ಮತ್ತೆ ಮತ್ತೆ ಮರುಕಳಿಸುತ್ತವೆ ಎಂಬುದು ಅವನ ನಿಯಮ. ಆದರೆ ಅವನು ತೂಕಕ್ಕೆ ಕಣ್ಣುಮುಚ್ಚಿ ಶರಣಾಗಲಿಲ್ಲ, ಮತ್ತು ನಾವು ಗಮನಿಸಬೇಕಾದದ್ದು ಇದನ್ನೇ. ಇಂಡಿಯಂ ಎಂಬ ಲೋಹದ ತೂಕ ಆಗಿನ ಲೆಕ್ಕದಲ್ಲಿ ಸುಮಾರು 76. ಆ ತೂಕಕ್ಕೆ ಆರ್ಸೆನಿಕ್ ಮತ್ತು ಸೆಲೆನಿಯಂ ನಡುವೆ ನಿಲ್ಲಬೇಕಿತ್ತು, ಅಲ್ಲಿ ಜಾಗವಿರಲಿಲ್ಲ, ಅದರ ಗುಣಗಳೂ ಅಲ್ಲಿಗೆ ಒಪ್ಪುತ್ತಿರಲಿಲ್ಲ. ಅದರ ಆಕ್ಸೈಡಿನ ಸೂತ್ರವನ್ನೇ ತಪ್ಪು ತಿಳಿದಿದ್ದಾರೆ, ಎರಡು ಲೋಹ ಪರಮಾಣುಗಳಿಗೆ ಮೂರು ಆಮ್ಲಜನಕ ಎಂದು ಇಟ್ಟುಕೊಂಡರೆ ತೂಕ 114ರ ಸುಮಾರಿಗೆ ಏರುತ್ತದೆ, ಆಗ ಅದು ಅಲ್ಯೂಮಿನಿಯಂ ಸಾಲಿಗೆ ಬಂದು ನಿಲ್ಲುತ್ತದೆ ಎಂದ ಮೆಂಡಲೀವ್. ಯುರೇನಿಯಂನ ತೂಕವನ್ನು 120ರಿಂದ 240ಕ್ಕೆ ಏರಿಸಿದ. ಎರಡೂ ಸರಿಯಾದ ತಿದ್ದುಪಡಿಗಳೆಂದು ಮುಂದೆ ತಿಳಿಯಿತು.

ಅವನ ಖ್ಯಾತಿ ನಿಂತಿರುವುದು ಭವಿಷ್ಯವಾಣಿಗಳ ಮೇಲೆ. ಅವನು ಖಾಲಿ ಬಿಟ್ಟ ಮೂರು ಮನೆಗಳಿಗೆ 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಸೇರಿದ್ದನ್ನು ಪ್ರತಿ ಪುಸ್ತಕವೂ ಹೇಳುತ್ತದೆ. ಗ್ಯಾಲಿಯಂನ ಸಾಂದ್ರತೆ 4.7 ಎಂದು ಅಳೆದ ಫ್ರೆಂಚ್ ಸಂಶೋಧಕನಿಗೆ, ಲೋಹವನ್ನು ಇನ್ನೂ ಶುದ್ಧಿಮಾಡಿ ನೋಡಿ, ಅದು 5.9ರ ಸುಮಾರಿಗೆ ಇರಬೇಕು ಎಂದು ಸೂಚಿಸಿದ್ದು, ಅದು ಹಾಗೆಯೇ ಆದದ್ದು ಸೊಗಸಾದ ಕಥೆಯೇ. ಆದರೂ ಇಲ್ಲದ ವಸ್ತುವಿಗೆ ಜಾಗ ಬಿಡುವುದಕ್ಕಿಂತ, ಇರುವ ವಸ್ತುವಿನ ಅಳತೆ ತಪ್ಪು ಎನ್ನುವುದು ಹೆಚ್ಚಿನ ಎದೆಗಾರಿಕೆಯ ಕೆಲಸವೆಂದು ನನ್ನ ಅಭಿಪ್ರಾಯ. 1882ರಲ್ಲಿ ರಾಯಲ್ ಸೊಸೈಟಿ ತನ್ನ ಡೇವಿ ಪದಕವನ್ನು ಮೆಂಡಲೀವನಿಗೂ, ಭವಿಷ್ಯ ನುಡಿಯುವುದರಲ್ಲಿ ಅಷ್ಟು ಮುಂದೆ ಹೋಗದಿದ್ದ ಲೋಥರ್ ಮೆಯರನಿಗೂ ಸಮನಾಗಿ ಕೊಟ್ಟಿತು ಎಂಬುದನ್ನೂ ಇಲ್ಲಿ ನೆನೆಯಬಹುದು.

ತೂಕವನ್ನು ತಿದ್ದಿದರೂ ಕ್ರಮ ಸರಿಹೋಗದ ಒಂದು ಜೋಡಿ ಅವನನ್ನು ಕಾಡಿತು. ಟೆಲ್ಯುರಿಯಂ ಮತ್ತು ಅಯೋಡಿನ್. ಇಂದಿನ ಅಳತೆಯಲ್ಲಿ ಟೆಲ್ಯುರಿಯಂ 127.6, ಅಯೋಡಿನ್ 126.9. ತೂಕದ ನಿಯಮದಂತೆ ಅಯೋಡಿನ್ ಮೊದಲು ಬರಬೇಕು. ಹಾಗೆ ಮಾಡಿದರೆ ಅದು ಕ್ಲೋರಿನ್, ಬ್ರೋಮಿನ್‌ಗಳ ಸಾಲನ್ನು ಬಿಟ್ಟು ಗಂಧಕದ ಸಾಲಿಗೆ ಹೋಗಿ ನಿಲ್ಲುತ್ತದೆ. ರಸಾಯನಶಾಸ್ತ್ರದ ಗಂಧವಿದ್ದವರು ಯಾರೂ ಒಪ್ಪಲಾರರು. ಮೆಂಡಲೀವ್ ಗುಣಗಳಿಗೆ ಬೆಲೆ ಕೊಟ್ಟು ಟೆಲ್ಯುರಿಯಂನ್ನು ಮುಂದಿಟ್ಟ, ಅದರ ತೂಕವನ್ನು ಅಳೆಯುವುದರಲ್ಲಿ ತಪ್ಪಾಗಿದೆ ಎಂದು ನಂಬಿದ. ಹತ್ತಾರು ವರ್ಷ ಪರಿಣತರು ಮತ್ತೆ ಮತ್ತೆ ಅಳೆದರು. ಅಳತೆಯಲ್ಲಿ ತಪ್ಪಿರಲಿಲ್ಲ. ಕೋಷ್ಟಕವನ್ನು ಕಟ್ಟಿದ ನಿಯಮಕ್ಕೂ ಕೋಷ್ಟಕಕ್ಕೂ ನಡುವೆ ಒಂದು ಬಿರುಕು ಹುಟ್ಟಿನಿಂದಲೇ ಇತ್ತು.

ಆ ಬಿರುಕನ್ನು ಅಗಲಗೊಳಿಸಿದ್ದು ಆರ್ಗಾನ್. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.2572 ಗ್ರಾಂ ತೂಗುತ್ತದೆ, ರಾಸಾಯನಿಕ ಸಂಯುಕ್ತಗಳಿಂದ ತೆಗೆದದ್ದು 1.2505 ಗ್ರಾಂ ಮಾತ್ರ ಎಂಬುದು ಭೌತವಿಜ್ಞಾನಿ ರೇಲಿಯ ಗಮನಕ್ಕೆ ಬಂತು. ವ್ಯತ್ಯಾಸ ಶೇಕಡ ಅರ್ಧದಷ್ಟು. ಬೇರೆಯವರಾಗಿದ್ದರೆ ಪ್ರಯೋಗದ ದೋಷವೆಂದು ಕೈಬಿಡುತ್ತಿದ್ದರೇನೋ. ರಸಾಯನಜ್ಞ ರಾಮ್ಸೆ ಅವನ ಜೊತೆಗೂಡಿದ. ಗಾಳಿಯ ಸಾರಜನಕವನ್ನು ಕಾಯಿಸಿದ ಮೆಗ್ನೀಸಿಯಂ ಮೇಲೆ ಹಾಯಿಸಿ ಹಾಯಿಸಿ ತೆಗೆದುಹಾಕಿದ ಮೇಲೂ ಒಂದಿಷ್ಟು ಅನಿಲ ಉಳಿಯಿತು, ಅದರ ರೋಹಿತದಲ್ಲಿ ಯಾರೂ ಕಾಣದ ಗೆರೆಗಳಿದ್ದವು. ಇದು 1894ರ ಮಾತು. ಅದಕ್ಕೂ ನೂರೊಂಬತ್ತು ವರ್ಷ ಮೊದಲು ವಿಜ್ಞಾನಿ ಕೆವೆಂಡಿಶ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ, ಮೂಲ ಸಾರಜನಕದ ನೂರಿಪ್ಪತ್ತನೆಯ ಒಂದು ಪಾಲನ್ನು ಮೀರದ ಒಂದು ಗುಳ್ಳೆ ಉಳಿಯುತ್ತದೆಂದು ಬರೆದಿಟ್ಟಿದ್ದ. ಗಾಳಿಯಲ್ಲಿ ಆರ್ಗಾನ್ ಶೇಕಡ 0.93ರಷ್ಟಿದೆ. ಆ ಗುಳ್ಳೆ ಅದೇ. ಒಂದು ಶತಮಾನ ಯಾರೂ ಅದನ್ನು ಕೆದಕಿ ನೋಡಿರಲಿಲ್ಲ.

ಆರ್ಗಾನ್ ಯಾವುದರ ಜೊತೆಗೂ ಕೂಡುವುದಿಲ್ಲ. ಕೂಡದ ವಸ್ತುವಿನ ಪರಮಾಣು ತೂಕವನ್ನು ಸಂಯುಕ್ತಗಳ ಮೂಲಕ ಕಂಡುಹಿಡಿಯುವ ದಾರಿಯೂ ಇಲ್ಲ. ಅನಿಲದಲ್ಲಿ ಶಬ್ದದ ವೇಗವನ್ನು ಅಳೆದು, ಅದರಿಂದ ಎರಡು ಬಗೆಯ ಉಷ್ಣಸಾಮರ್ಥ್ಯಗಳ ಅನುಪಾತವನ್ನು ಲೆಕ್ಕ ಹಾಕಿದರು. ಒಂಟಿ ಪರಮಾಣುಗಳ ಅನಿಲಕ್ಕೆ ಇರಬೇಕಾದ 1.66ರ ಸುಮಾರಿನ ಬೆಲೆ ಬಂತು. ಅಂದರೆ ಸಾಂದ್ರತೆಯಿಂದ ಸಿಕ್ಕ ಅಣುತೂಕವೇ ಪರಮಾಣು ತೂಕ, 40. ಕೋಷ್ಟಕದಲ್ಲಿ 40ರ ಹತ್ತಿರ ಪೊಟ್ಯಾಸಿಯಂ 39.1, ಕ್ಯಾಲ್ಸಿಯಂ 40.1 ಇವೆ. ಎಲ್ಲಿಡುವುದು ಆರ್ಗಾನನ್ನು? ಮೆಂಡಲೀವ್ ಸ್ವತಃ ಇದು ಮೂಲವಸ್ತುವೇ ಅಲ್ಲ, ಮೂರು ಸಾರಜನಕ ಪರಮಾಣುಗಳ ಕೂಟವಿರಬೇಕೆಂದು ಶಂಕಿಸಿದ. ಮೂರು ಹದಿನಾಲ್ಕು ನಲವತ್ತೆರಡು. ಊಹೆ ತೀರ ಅಸಂಗತವಾಗಿರಲಿಲ್ಲ. ತನ್ನ ಕೋಷ್ಟಕವನ್ನು ಕಾಪಾಡಿಕೊಳ್ಳಲು ಒಂದು ವಸ್ತುವಿನ ಅಸ್ತಿತ್ವವನ್ನೇ ಪ್ರಶ್ನಿಸುವ ಮಟ್ಟಿಗೆ ಅವನು ಹೋದ.

ರಾಮ್ಸೆ ಬೇರೆ ದಾರಿ ಹಿಡಿದ. ಒಂದು ವಸ್ತುವಿಗೆ ಜಾಗವಿಲ್ಲವೆಂದರೆ ಬಹುಶಃ ಒಂದು ಇಡೀ ಸಾಲೇ ಕಾಣೆಯಾಗಿರಬೇಕು. 1895ರಲ್ಲಿ ಯುರೇನಿಯಂ ಅದಿರಿನಿಂದ ಹೀಲಿಯಂ ಹೊರಬಂತು. ಅದಕ್ಕೆ ಮುನ್ನ ಅದು ಸೂರ್ಯನ ರೋಹಿತದಲ್ಲಿ ಮಾತ್ರ ಕಂಡಿತ್ತು. 1898ರಲ್ಲಿ ರಾಮ್ಸೆ ತನ್ನ ಕಿರಿಯ ಸಹೋದ್ಯೋಗಿ ಮಾರಿಸ್ ಟ್ರ್ಯಾವರ್ಸ್ ಜೊತೆ ದ್ರವಗಾಳಿಯನ್ನು ಹಂತಹಂತವಾಗಿ ಕುದಿಸಿ ಕ್ರಿಪ್ಟಾನ್, ನಿಯಾನ್, ಜೆನಾನ್ ಮೂರನ್ನೂ ಬೇರ್ಪಡಿಸಿದ. ಕೋಷ್ಟಕದ ಅಂಚಿನಲ್ಲಿ ರಾಜಾನಿಲಗಳ ಹೊಸ ಕಂಬಸಾಲು ಎದ್ದಿತು. ಈ ಇಬ್ಬರಿಗೂ ನಮ್ಮ ಬೆಂಗಳೂರಿಗೂ ನೇರವಾದ ನಂಟಿದೆ. ಜೆಮ್‌ಶೆಟ್‌ಜಿ ಟಾಟಾ ಯೋಜಿಸಿದ್ದ ಸಂಶೋಧನ ಸಂಸ್ಥೆಗೆ ಸ್ಥಳ ಹುಡುಕಲು 1900ರಲ್ಲಿ ಭಾರತ ಸುತ್ತಿದ ರಾಮ್ಸೆ ಸೂಚಿಸಿದ ಊರು ಬೆಂಗಳೂರು. ಇಂದಿಗೂ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಟ್ರ್ಯಾವರ್ಸ್. ನಿಯಾನ್ ಅನಿಲದ ಕೆಂಪು ಹೊಳಪನ್ನು ಮೊದಲು ಕಂಡ ಇಬ್ಬರಲ್ಲಿ ಒಬ್ಬ ನಮ್ಮೂರಿನಲ್ಲಿ ಕೆಲವು ವರ್ಷ ಆಡಳಿತದ ಕಡತಗಳನ್ನು ನೋಡಿಕೊಂಡಿದ್ದ ಎಂಬುದು ನಮ್ಮ ವಿಜ್ಞಾನದ ವಿದ್ಯಾರ್ಥಿಗಳಲ್ಲೂ ಬಹಳ ಮಂದಿಗೆ ತಿಳಿಯದು.

ಹೊಸ ಸಾಲು ಬಂದರೂ ಹಳೆಯ ಬಿರುಕು ಮುಚ್ಚಲಿಲ್ಲ. ಆರ್ಗಾನ್ ಪೊಟ್ಯಾಸಿಯಂಗಿಂತ ಭಾರ, ಆದರೂ ಮೊದಲು ನಿಲ್ಲಬೇಕು. ಕೋಬಾಲ್ಟ್ ನಿಕ್ಕಲ್‌ಗಿಂತ ಭಾರ, ಆದರೂ ಮೊದಲು ನಿಲ್ಲಬೇಕು. ಮೂರು ಕಡೆ ನಿಯಮ ಮುರಿದರೆ ಅದನ್ನು ನಿಯಮವೆನ್ನಬಹುದೇ? ಈ ಪ್ರಶ್ನೆಯನ್ನು ರಸಾಯನಶಾಸ್ತ್ರ ತನ್ನೊಳಗೇ ಬಿಡಿಸಿಕೊಳ್ಳುವಂತಿರಲಿಲ್ಲ.

ಉತ್ತರ ಮ್ಯಾಂಚೆಸ್ಟರಿನಿಂದ ಬಂತು. 1909ರಲ್ಲಿ ರುದರ್‌ಫರ್ಡನ ಪ್ರಯೋಗಶಾಲೆಯಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಸುಮಾರು ಎಂಟು ಸಾವಿರದಲ್ಲಿ ಒಂದು ಕಣ ಹಿಂದಕ್ಕೆ ಚಿಮ್ಮುತ್ತಿತ್ತು. ಪರಮಾಣುವಿನ ಧನ ಆವೇಶವೆಲ್ಲ, ತೂಕದ ಬಹುಪಾಲೆಲ್ಲ, ಅದರ ವ್ಯಾಸದ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ನ್ಯೂಕ್ಲಿಯಸ್ಸಿನಲ್ಲಿ ಅಡಗಿದ್ದರೆ ಮಾತ್ರ ಹೀಗಾಗಲು ಸಾಧ್ಯ ಎಂದು 1911ರಲ್ಲಿ ರುದರ್‌ಫರ್ಡ್ ತೀರ್ಮಾನಿಸಿದ. ಆದರೆ ಆ ಆವೇಶ ಎಷ್ಟು? ಪರಮಾಣು ತೂಕದ ಸುಮಾರು ಅರ್ಧ ಎಂಬ ಒರಟು ಅಂದಾಜಷ್ಟೆ ಅವನ ಬಳಿ ಇತ್ತು. ಚಿನ್ನಕ್ಕೆ ಆ ಲೆಕ್ಕದಲ್ಲಿ 100ರ ಸಮೀಪ ಬರುತ್ತದೆ. ನಿಜವಾದ ಬೆಲೆ 79.

ವಾನ್ ಡೆನ್ ಬ್ರೂಕ್ ಎಂಬ ಡಚ್ಚನೊಬ್ಬ, ಓದಿದ್ದು ಕಾನೂನು, ಹವ್ಯಾಸವಾಗಿ ಕೋಷ್ಟಕದ ಜೊತೆ ಸೆಣಸುತ್ತಿದ್ದವನು, ಒಂದು ಸರಳ ಸೂಚನೆ ಮುಂದಿಟ್ಟ: ಕೋಷ್ಟಕದಲ್ಲಿ ಮೂಲವಸ್ತುವಿನ ಸರದಿ ಎಷ್ಟನೆಯದೋ ನ್ಯೂಕ್ಲಿಯಸ್ಸಿನ ಆವೇಶ ಅಷ್ಟೇ. ಅಲ್ಲಿಯವರೆಗೆ ಸರದಿಯ ಸಂಖ್ಯೆ ಪಟ್ಟಿಯ ಮಗ್ಗುಲಲ್ಲಿ ಬರೆಯುವ ಗುರುತಾಗಿತ್ತು, ಅದಕ್ಕೆ ಭೌತಿಕ ಅರ್ಥವಿರಲಿಲ್ಲ. ಈ ಸೂಚನೆಯನ್ನು ಒರೆಗೆ ಹಚ್ಚಿದವನು ಹೆನ್ರಿ ಮೋಸ್ಲಿ.

ಮೋಸ್ಲಿಯ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಲೋಹದ ಮೇಲೆ ವೇಗದ ಎಲೆಕ್ಟ್ರಾನುಗಳನ್ನು ಬಡಿಸಿದರೆ ಆ ಲೋಹಕ್ಕೇ ವಿಶಿಷ್ಟವಾದ ಕ್ಷ-ಕಿರಣ ಹೊರಡುತ್ತದೆ. ಅದನ್ನು ಸ್ಫಟಿಕದಿಂದ ಚದುರಿಸಿ ಛಾಯಾಫಲಕದ ಮೇಲೆ ಬೀಳಿಸಿದರೆ ಗೆರೆಗಳು ಮೂಡುತ್ತವೆ. ಗೆರೆಯ ಜಾಗದಿಂದ ಆವರ್ತಾಂಕ ಸಿಗುತ್ತದೆ. 1913ರಲ್ಲಿ ಮೋಸ್ಲಿ ಕ್ಯಾಲ್ಸಿಯಂನಿಂದ ಸತುವಿನವರೆಗಿನ ಮೂಲವಸ್ತುಗಳನ್ನು ಹೀಗೆ ಅಳೆದು, ಫಲಕಗಳನ್ನು ಒಂದರ ಕೆಳಗೊಂದು ಜೋಡಿಸಿದ. ಗೆರೆಗಳು ಮೆಟ್ಟಿಲಿನಂತೆ ಒಂದೇ ದಿಕ್ಕಿಗೆ ಸರಿಯುತ್ತ ಹೋದವು. ಹಿತ್ತಾಳೆಯನ್ನು ಇಟ್ಟಾಗ ತಾಮ್ರದ ಗೆರೆಯೂ ಸತುವಿನ ಗೆರೆಯೂ ಒಟ್ಟಿಗೆ ಮೂಡಿದವು. ಆವರ್ತಾಂಕದ ವರ್ಗಮೂಲ ತೆಗೆದರೆ ಒಂದು ಮೂಲವಸ್ತುವಿನಿಂದ ಮುಂದಿನದಕ್ಕೆ ಅದು ಒಂದೇ ಅಳತೆಯಲ್ಲಿ ಏರುತ್ತದೆ. ಪರಮಾಣು ತೂಕವಾದರೋ ಒಮ್ಮೆ ಎರಡು, ಒಮ್ಮೆ ಮೂರು, ಕೆಲವೊಮ್ಮೆ ಹಿಂದಕ್ಕೆ, ಹೀಗೆ ಏರುಪೇರಾಗಿ ಸಾಗುತ್ತದೆ. ಸಮನಾದ ಹೆಜ್ಜೆಯಲ್ಲಿ ಏರುವ ಯಾವುದೋ ಒಂದು ಪರಿಮಾಣ ಪರಮಾಣುವಿನ ಒಳಗೆ ಇದೆ ಎಂದಾಯಿತು. ಅದು ನ್ಯೂಕ್ಲಿಯಸ್ಸಿನ ಆವೇಶವಲ್ಲದೆ ಬೇರೇನೂ ಆಗಿರಲಾರದು ಎಂದು ಮೋಸ್ಲಿ ಬರೆದ.

ಈ ಗೆರೆಗಳ ಆವರ್ತಾಂಕಕ್ಕೆ ಭೌತವಿಜ್ಞಾನಿ ಬೋರ್ ಅದೇ ವರ್ಷ ಜಲಜನಕಕ್ಕಾಗಿ ಬರೆದ ಸೂತ್ರ ಹೊಂದುತ್ತಿತ್ತು. ಎರಡನೆಯ ಕವಚದಿಂದ ಮೊದಲನೆಯದಕ್ಕೆ ಎಲೆಕ್ಟ್ರಾನ್ ಇಳಿಯುವಾಗ ಹೊರಡುವ ಶಕ್ತಿಗೆ ಬೇಕಾದ ಮುಕ್ಕಾಲು ಎಂಬ ಗುಣಾಂಕ ಅದರಲ್ಲಿ ಇತ್ತು. ಈಗ ಪರಮಾಣು ಸಂಖ್ಯೆ ಎನ್ನುವ ಆ ಸರದಿಯ ಸಂಖ್ಯೆಯಿಂದ ಒಂದನ್ನು ಕಳೆದರೆ ಲೆಕ್ಕ ಕೂಡುತ್ತಿತ್ತು. ಕಳೆಯುವ ಆ ಒಂದು ಏಕೆಂದರೆ, ಒಳಕವಚದಲ್ಲಿ ಉಳಿದಿರುವ ಇನ್ನೊಂದು ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಆವೇಶದಲ್ಲಿ ಒಂದು ಪಾಲನ್ನು ಮರೆಮಾಡುತ್ತದೆ. ಒಳಗಿನ ಎಲೆಕ್ಟ್ರಾನುಗಳು ಹೊರಗಿನವಕ್ಕೆ ನ್ಯೂಕ್ಲಿಯಸ್ಸನ್ನು ಮರೆಮಾಡುತ್ತವೆ ಎಂಬ ಈ ವಿಚಾರ ಮುಂದೆ ಮತ್ತೆ ಬೇಕಾಗುತ್ತದೆ.

ಕೋಬಾಲ್ಟ್ 27, ನಿಕ್ಕಲ್ 28. ಮೆಂಡಲೀವ್ ಗುಣ ನೋಡಿ ಇಟ್ಟ ಕ್ರಮವೇ ಸರಿ. ಕ್ಲೋರಿನ್ 17, ಪೊಟ್ಯಾಸಿಯಂ 19. ನಡುವಿನ 18 ಆರ್ಗಾನಿನದು. ಶಾಲೆಯ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದರೆ ಬಹುಮಟ್ಟಿಗೆ ವಯಸ್ಸಿನ ಸಾಲೇ ಆಗುತ್ತದೆ, ಅಲ್ಲೊಬ್ಬ ಇಲ್ಲೊಬ್ಬ ಕಿರಿಯ ಮಾತ್ರ ಹಿರಿಯನಿಗಿಂತ ಎತ್ತರವಿರುತ್ತಾನೆ. ರಸಾಯನಜ್ಞರು ಎತ್ತರ ಅಳೆದು ವಯಸ್ಸನ್ನು ಊಹಿಸುತ್ತ ಬಂದಿದ್ದರು. 1914ರ ಎರಡನೆಯ ಪ್ರಬಂಧದಲ್ಲಿ ಮೋಸ್ಲಿ ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಸಂಖ್ಯೆ ಹಾಕಿ, 43, 61, 75 ಖಾಲಿ ಇವೆ ಎಂದು ತೋರಿಸಿದ. ಇದರ ಮಹತ್ವ ದೊಡ್ಡದು. ತೂಕದಿಂದ ಎರಡು ಮೂಲವಸ್ತುಗಳ ನಡುವೆ ಇನ್ನೆಷ್ಟು ಇರಬಹುದೆಂದು ಹೇಳುವಂತಿರಲಿಲ್ಲ. ವಿರಳ ಭಸ್ಮಲೋಹಗಳ ಪ್ರದೇಶದಲ್ಲಂತೂ ಹೊಸ ಮೂಲವಸ್ತು ಕಂಡೆವೆನ್ನುವವರ ಸಂತೆಯೇ ನೆರೆದಿತ್ತು. ಸಂಖ್ಯೆ ಬಂದ ಮೇಲೆ ಲ್ಯಾಂಥನಂ ಮತ್ತು ಟ್ಯಾಂಟಲಂ ನಡುವೆ ಹದಿನೈದೇ, ಹದಿನಾರು ಸಾಧ್ಯವಿಲ್ಲ ಎಂದು ಖಚಿತವಾಯಿತು. ಮೋಸ್ಲಿ ತಪ್ಪಾಗಿ ತುಂಬಿದ್ದ 72ನೆಯ ಸ್ಥಾನದ ಹ್ಯಾಫ್ನಿಯಂ 1923ರಲ್ಲಿ, 75ನೆಯ ರೇನಿಯಂ 1925ರಲ್ಲಿ ಸಿಕ್ಕವು. 43 ಮತ್ತು 61ಕ್ಕೆ ಸ್ಥಿರ ರೂಪವೇ ಇಲ್ಲದ ಕಾರಣ ಅವನ್ನು ನ್ಯೂಕ್ಲಿಯರ್ ಕ್ರಿಯೆಗಳ ಮೂಲಕವೇ ಪಡೆಯಬೇಕಾಯಿತು. ಇದಾವುದನ್ನೂ ನೋಡಲು ಮೋಸ್ಲಿ ಉಳಿದಿರಲಿಲ್ಲ. 1915ರ ಆಗಸ್ಟ್ 10ರಂದು ಗ್ಯಾಲಿಪೊಲಿಯ ಯುದ್ಧಭೂಮಿಯಲ್ಲಿ ಸತ್ತಾಗ ಅವನಿಗೆ 27 ವರ್ಷ.

ಹಾಗಾದರೆ ಆರ್ಗಾನ್ ಪೊಟ್ಯಾಸಿಯಂಗಿಂತ ಭಾರವೇಕೆ? ಕ್ರಮದ ಪ್ರಶ್ನೆ ಬಗೆಹರಿದರೂ ತೂಕದ ಪ್ರಶ್ನೆ ಉಳಿದೇ ಇತ್ತು. 1913ರಲ್ಲಿ ರಸಾಯನಜ್ಞ ಸಾಡಿ, ಕೋಷ್ಟಕದ ಒಂದೇ ಸ್ಥಾನದಲ್ಲಿ ಬೇರೆ ಬೇರೆ ತೂಕದ ಪರಮಾಣುಗಳು ಇರಬಲ್ಲವು ಎಂದು ಪ್ರತಿಪಾದಿಸಿದ, ಅವೇ ಐಸೋಟೋಪುಗಳು. ಮರುವರ್ಷ ರಿಚರ್ಡ್ಸ್ ಯುರೇನಿಯಂ ಅದಿರಿನ ಸೀಸ ಸಾಮಾನ್ಯ ಸೀಸಕ್ಕಿಂತ ಹಗುರವೆಂದು ಅಳೆದು ತೋರಿಸಿದ. 1919ರಿಂದ ಆಸ್ಟನ್ನನ ಉಪಕರಣ ಐಸೋಟೋಪುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿತು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಗುರುತಿಸಿದ ಮೇಲೆ ಅರ್ಥ ತಿಳಿಯಾಯಿತು: ಪ್ರೋಟಾನುಗಳ ಎಣಿಕೆ ಸ್ಥಾನವನ್ನು ನಿರ್ಧರಿಸುತ್ತದೆ, ನ್ಯೂಟ್ರಾನುಗಳ ಎಣಿಕೆ ತೂಕವನ್ನು ಏರಿಸಿ ಇಳಿಸುತ್ತದೆ. ಪರಮಾಣು ತೂಕವೆಂದು ಒಂದು ಶತಮಾನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಶಾಂಶಗಳವರೆಗೆ ಅಳೆದದ್ದು ಒಂದು ಮಿಶ್ರಣದ ಸರಾಸರಿ. ಅಯೋಡಿನ್ ಎಲ್ಲವೂ 127. ಟೆಲ್ಯುರಿಯಂನಲ್ಲಿ 128 ಮತ್ತು 130ರ ಪಾಲು ಹೆಚ್ಚು. ಅಷ್ಟೇ.

ಆರ್ಗಾನಿನ ವಿಷಯ ಇನ್ನೂ ಸ್ವಾರಸ್ಯಕರ. ಭೂಮಿಯ ಗಾಳಿಯ ಆರ್ಗಾನಿನಲ್ಲಿ ಶೇಕಡ 99.6ರಷ್ಟು ಆರ್ಗಾನ್-40. ಇದು ಬಂದದ್ದು ಪೊಟ್ಯಾಸಿಯಂನಿಂದಲೇ. ಬಂಡೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಪೊಟ್ಯಾಸಿಯಂ-40 ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಅದರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು, ತನ್ನದೇ ಒಳಕವಚದ ಎಲೆಕ್ಟ್ರಾನೊಂದನ್ನು ನ್ಯೂಕ್ಲಿಯಸ್ಸಿಗೆ ಸೆಳೆದುಕೊಂಡು 19ರಿಂದ 18ಕ್ಕೆ ಇಳಿಯುತ್ತದೆ. ಉಳಿದದ್ದು ಕ್ಯಾಲ್ಸಿಯಂ ಆಗುತ್ತದೆ. ರಾಮನಗರದ ಬೆಟ್ಟಗಳಲ್ಲಿ, ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುವ ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಯಲ್ಲಿ, ಗುಲಾಬಿ ಬಣ್ಣದ ದಪ್ಪ ಹರಳುಗಳು ಕಾಣುತ್ತವಲ್ಲ, ಅವು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಅಲ್ಲಿ ಈ ಇಳಿತ ಈಗಲೂ ನಡೆಯುತ್ತಿದೆ. ಸೂರ್ಯನಲ್ಲಿರುವ ಆರ್ಗಾನ್ ಹೀಗೆ ಹುಟ್ಟಿದ್ದಲ್ಲ, ಅದು ಮುಖ್ಯವಾಗಿ 36 ಮತ್ತು 38. ಅದರ ಸರಾಸರಿ ಪೊಟ್ಯಾಸಿಯಂಗಿಂತ ಕಡಿಮೆ. ಅಂದಮೇಲೆ ಮೆಂಡಲೀವನನ್ನು ಕಾಡಿದ ಈ ವ್ಯುತ್ಕ್ರಮ ಪ್ರಕೃತಿಯ ನಿಯಮಕ್ಕೆ ಸೇರಿದ್ದಾಗಿರಲಿಲ್ಲ. ಗಟ್ಟಿನೆಲವೂ ಗಾಳಿಯೂ ಇರುವ, ವಯಸ್ಸಾದ ಒಂದು ಗ್ರಹದ ಮೇಲೆ ಕುಳಿತು ರಸಾಯನಶಾಸ್ತ್ರ ಮಾಡಿದ್ದರ ಫಲ ಅದು.

ಈಗ ಎಲೆಕ್ಟ್ರಾನುಗಳ ಕಡೆಗೆ. ಸಂಖ್ಯೆ ಸ್ಥಾನವನ್ನು ಹೇಳುತ್ತದೆ. ಗುಣಗಳು ಮರುಕಳಿಸುವುದೇಕೆಂದು ಅದು ಹೇಳುವುದಿಲ್ಲ. ಕವಚಗಳಿವೆ ಎಂಬುದಕ್ಕೆ ನೇರ ಸಾಕ್ಷ್ಯ ಬೇಕೆಂದರೆ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಸೋಡಿಯಂನಿಂದ ಮೊದಲನೆಯದನ್ನು ತೆಗೆಯಲು ಮೋಲಿಗೆ 496 ಕಿಲೋಜೂಲ್ ಸಾಕು, ಎರಡನೆಯದಕ್ಕೆ 4562 ಬೇಕು. ಮೆಗ್ನೀಸಿಯಂನಲ್ಲಿ 738, 1451, ಆಮೇಲೆ ಒಮ್ಮೆಲೇ 7733. ಜಿಗಿತ ಎಲ್ಲಿ ಬರುತ್ತದೋ ಅಲ್ಲಿ ಕವಚ ಮುಗಿದಿದೆ. ಕವಚಗಳ ಚಿತ್ರ ಬಿಡಿಸಿ ಬಾಯಿಪಾಠ ಮಾಡಿಸುವ ಬದಲು ಈ ಐದು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಕೇಳಿದರೆ, ಸೋಡಿಯಂ ಏಕೆ ಒಂದೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆಂದು ಅವರೇ ಹೇಳುತ್ತಾರೆ.

ಕೋಷ್ಟಕದ ಆವರ್ತಗಳ ಉದ್ದ 2, 8, 8, 18, 18, 32, 32. ಈ ಸರಣಿ ಪರಮಾಣು ಸಿದ್ಧಾಂತದಿಂದ ಹೊರಬಂದದ್ದಲ್ಲ, ರಸಾಯನಜ್ಞರು ಸಿದ್ಧಾಂತದ ಮುಂದೆ ಇಟ್ಟದ್ದು. ಬೋರ್ ಇಪ್ಪತ್ತರ ದಶಕದ ಆರಂಭದಲ್ಲಿ ಎಲೆಕ್ಟ್ರಾನುಗಳನ್ನು ಕವಚಗಳಿಗೆ ಹಂಚಿದ್ದು ಬಹುಮಟ್ಟಿಗೆ ರೋಹಿತಗಳನ್ನೂ ಕೋಷ್ಟಕವನ್ನೂ ನೋಡಿಕೊಂಡೇ. 72ನೆಯದು ಜಿರ್ಕೋನಿಯಂನ ಬಂಧು, ವಿರಳ ಭಸ್ಮಲೋಹವಲ್ಲ ಎಂದು ಅವನು ಹೇಳಿದ್ದನ್ನು ಸಿದ್ಧಾಂತದ ದಿಗ್ವಿಜಯವೆಂದು ಕೊಂಡಾಡುವುದುಂಟು. ಜಿರ್ಕೋನಿಯಂ ಅದಿರಿನಲ್ಲಿ ಹುಡುಕಿ ಹ್ಯಾಫ್ನಿಯಂ ಸಿಕ್ಕಿದ್ದೂ ನಿಜ. ಆದರೆ ಅಲ್ಲಿ ಜಿರ್ಕೋನಿಯಂನ ಬಂಧುವೇ ಇರಬೇಕೆಂಬ ಅನುಮಾನ ಕೆಲವು ರಸಾಯನಜ್ಞರಿಗೆ ಮೊದಲೇ ಇತ್ತು. 1924ರಲ್ಲಿ ಸ್ಟೋನರ್ ಉಪಕವಚಗಳ ಹಂಚಿಕೆಯನ್ನು ತಿದ್ದಿದ. ಅದನ್ನು ಆಧರಿಸಿ 1925ರಲ್ಲಿ ಪೌಲಿ ತನ್ನ ನಿಷೇಧ ತತ್ತ್ವವನ್ನು ಮಂಡಿಸಿದ. ಒಂದು ಪರಮಾಣುವಿನಲ್ಲಿ ಯಾವ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕೂ ಕ್ವಾಂಟಂ ಸಂಖ್ಯೆಗಳು ಒಂದೇ ಆಗಿರುವಂತಿಲ್ಲ. ಇದರಿಂದ ಉಪಕವಚಗಳಲ್ಲಿ 2, 6, 10, 14, ಕವಚಗಳಲ್ಲಿ 2, 8, 18, 32 ಎಂಬ ಮಿತಿಗಳು ದೊರೆಯುತ್ತವೆ. ಕ್ವಾಂಟಂ ಭೌತಶಾಸ್ತ್ರದ ಅತ್ಯಂತ ಆಳದ ತತ್ತ್ವಗಳಲ್ಲೊಂದಕ್ಕೆ ದಾರಿ ತೋರಿದ ಸಾಕ್ಷ್ಯಗಳಲ್ಲಿ ಕೋಷ್ಟಕದ ಆವರ್ತಗಳ ಉದ್ದವೂ ಸೇರಿತ್ತು.

ಇಲ್ಲಿ ಪಾಠ ಹೇಳುವವರೆಲ್ಲ ಎದುರಿಸುವ ಪ್ರಶ್ನೆಯೊಂದಿದೆ. ಮೂರನೆಯ ಕವಚ 18ನ್ನು ಹಿಡಿಯಬಲ್ಲದು ಎನ್ನುತ್ತೇವೆ. ಆರ್ಗಾನಿನಲ್ಲಿ ಅದರಲ್ಲಿ 8 ಮಾತ್ರ ಇವೆ. ಮುಂದಿನ ಪೊಟ್ಯಾಸಿಯಂನ ಹತ್ತೊಂಬತ್ತನೆಯ ಎಲೆಕ್ಟ್ರಾನ್ ಅಲ್ಲಿ ಜಾಗವಿದ್ದೂ ನಾಲ್ಕನೆಯ ಕವಚಕ್ಕೆ ಹೋಗುವುದೇಕೆ? ಎಂಟಾದರೆ ಕವಚ ತುಂಬಿತು ಎಂಬ ಉತ್ತರ ಸುಳ್ಳು. ನಿಜವಾದ ಉತ್ತರ ಹಿಂದೆ ಹೇಳಿದ ಮರೆಯಲ್ಲಿದೆ. ನಾಲ್ಕನೆಯ ಕವಚದ ಮೊದಲ ಉಪಕವಚವಾದ 4ಎಸ್‌ನ ಎಲೆಕ್ಟ್ರಾನ್ ಸರಾಸರಿಯಲ್ಲಿ ದೂರವಿದ್ದರೂ ಅದರ ಅಲೆಯ ಒಂದು ಪಾಲು ನ್ಯೂಕ್ಲಿಯಸ್ಸಿನ ಹತ್ತಿರಕ್ಕೆ ತೂರುತ್ತದೆ, ಆದ್ದರಿಂದ ಒಳ ಎಲೆಕ್ಟ್ರಾನುಗಳ ಮರೆ ಅದಕ್ಕೆ ಕಡಿಮೆ. ಮೂರನೆಯ ಕವಚದಲ್ಲಿ ಖಾಲಿ ಉಳಿದ ಉಪಕವಚವಾದ 3ಡಿಯ ಎಲೆಕ್ಟ್ರಾನಿಗೆ ಆ ತೂರುವ ಶಕ್ತಿಯಿಲ್ಲ. ಹೀಗೆ ಪೊಟ್ಯಾಸಿಯಂನಲ್ಲಿ 4ಎಸ್ ಕೆಳಗೆ ಬರುತ್ತದೆ. ಆದರೆ ಸ್ಕ್ಯಾಂಡಿಯಂ ತಲುಪುವ ಹೊತ್ತಿಗೆ ನ್ಯೂಕ್ಲಿಯಸ್ಸಿನ ಆವೇಶ ಏರಿ 3ಡಿ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಅಯಾನ್ ಆಗುವಾಗ ಮೊದಲು ಹೊರಡುವುದು 4ಎಸ್ ಎಲೆಕ್ಟ್ರಾನುಗಳೇ. ನಾವು ತರಗತಿಯಲ್ಲಿ ಓರೆ ಬಾಣಗಳನ್ನು ಎಳೆದು ಕಲಿಸುವ ಭರ್ತಿಯ ಕ್ರಮ ಒಳ್ಳೆಯ ನೆನಪಿನ ಸೂತ್ರ, ನಿಸರ್ಗದ ಕಟ್ಟಳೆಯಲ್ಲ. ಕ್ರೋಮಿಯಂ ಅದನ್ನು ಮೀರುತ್ತದೆ, ತಾಮ್ರ ಮೀರುತ್ತದೆ, ಪಲ್ಲೇಡಿಯಂ ತನ್ನ ಐದನೆಯ ಕವಚವನ್ನು ಪೂರ್ತಿ ಖಾಲಿ ಬಿಟ್ಟುಕೊಳ್ಳುತ್ತದೆ. ಆವರ್ತಗಳ ಉದ್ದ ಏಕೆ ಜೋಡಿಜೋಡಿಯಾಗಿ ಬರುತ್ತದೆಂಬುದನ್ನು ಕಂಪ್ಯೂಟರು ಒಂದೊಂದೇ ಪರಮಾಣುವಿಗೆ ಲೆಕ್ಕ ಹಾಕಿ ತೋರಿಸಬಲ್ಲದು. ಕ್ವಾಂಟಂ ಸಿದ್ಧಾಂತದ ಮೂಲ ಸಮೀಕರಣದಿಂದ ಚೊಕ್ಕವಾದ ಸಾಧನೆಯಾಗಿ ಅದನ್ನು ಹೊರತರುವುದು ಬೇರೆಯೇ ಮಾತು. ಜಲಜನಕವನ್ನು ಯಾವ ಸಾಲಿಗೆ ಸೇರಿಸಬೇಕು, ಮೂರನೆಯ ಗುಂಪಿನಲ್ಲಿ ಇಟ್ರಿಯಂ ಕೆಳಗೆ ನಿಲ್ಲಬೇಕಾದದ್ದು ಲ್ಯಾಂಥನಮೋ ಲುಟೇಶಿಯಮೋ ಎಂಬ ಚರ್ಚೆಗಳು ಇನ್ನೂ ನಡೆದೇ ಇವೆ.

ಭಾರದ ಮೂಲವಸ್ತುಗಳ ಕಡೆಗೆ ಹೋದಂತೆ ಇನ್ನೊಂದು ಅಂಶ ಸೇರುತ್ತದೆ. ಚಿನ್ನದ ನ್ಯೂಕ್ಲಿಯಸ್ಸಿನ ಆವೇಶ 79. ಅದರ ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗ ಸ್ಥೂಲ ಲೆಕ್ಕದಲ್ಲಿ ಬೆಳಕಿನ ವೇಗದ ಶೇಕಡ 58. ಅಷ್ಟು ವೇಗದಲ್ಲಿ ಐನ್‌ಸ್ಟೈನನ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಇದರ ಪರಿಣಾಮವಾಗಿ ಎಸ್ ಕಕ್ಷಕಗಳು ಒಳಕ್ಕೆ ಕುಗ್ಗುತ್ತವೆ, 5ಡಿ ಹೊರಕ್ಕೆ ಹಿಗ್ಗುತ್ತದೆ, ಅವೆರಡರ ಶಕ್ತಿಯ ಅಂತರ ಕಿರಿದಾಗುತ್ತದೆ. ಇಂಥ ಅಂತರವನ್ನು ದಾಟಲು ಎಲೆಕ್ಟ್ರಾನ್ ಬೆಳಕನ್ನು ಹೀರುತ್ತದೆ. ಬೆಳ್ಳಿಯಲ್ಲಿ ಈ ಹೀರಿಕೆ ಕಣ್ಣಿಗೆ ಕಾಣದ ನೇರಳಾತೀತದಲ್ಲಿದೆ. ಚಿನ್ನದಲ್ಲಿ ಅದು ನೀಲಿಗೆ ಇಳಿದಿರುವ ಕಾರಣ ಹಳದಿ ಉಳಿಯುತ್ತದೆ. ಕೋಲಾರದಲ್ಲಿ ಶತಮಾನಕ್ಕೂ ಮೀರಿ ನೆಲದಾಳದಿಂದ ತೆಗೆದ, ಹಟ್ಟಿಯಲ್ಲಿ ಈಗಲೂ ತೆಗೆಯುತ್ತಿರುವ ಲೋಹದ ಬಣ್ಣಕ್ಕೆ ಕಾರಣ ಸಾಪೇಕ್ಷತಾ ಸಿದ್ಧಾಂತ. ಪಕ್ಕದ ಪಾದರಸ ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವುದರಲ್ಲೂ ಇದರ ಪಾಲು ದೊಡ್ಡದು. ಕೋಷ್ಟಕದಲ್ಲಿ ಕೆಳಗಿಳಿದಂತೆ ಮೇಲಿನವರ ಗುಣವೇ ಮರುಕಳಿಸುತ್ತದೆ ಎಂಬ ನಂಬಿಕೆಗೆ ಇಲ್ಲಿ ಮೊದಲ ಪೆಟ್ಟು ಬೀಳುತ್ತದೆ.

2016ರ ನವೆಂಬರಿನಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನೆಸಿನ್, ಒಗನೆಸ್ಸಾನ್ ಎಂಬ ಹೆಸರುಗಳು ಅಂಗೀಕಾರವಾಗಿ ಏಳನೆಯ ಆವರ್ತ ತುಂಬಿತು. ಈಗ ಮೂಲವಸ್ತುಗಳ ಸಂಖ್ಯೆ 118. ಕೊನೆಯ ಒಗನೆಸ್ಸಾನ್ ನಿಂತಿರುವುದು ಆರ್ಗಾನಿನ ಸಾಲಿನಲ್ಲೇ. ಅದರ ಕೆಲವೇ ಪರಮಾಣುಗಳು ಸೃಷ್ಟಿಯಾಗಿವೆ, ಅವು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಕ್ಷಯಿಸುತ್ತವೆ. ಕೊಪರ್ನಿಸಿಯಂ, ಫ್ಲೆರೋವಿಯಂಗಳಂಥ ಕೊಂಚ ಹೆಚ್ಚು ಬಾಳುವ ಪರಮಾಣುಗಳನ್ನು ಚಿನ್ನ ಲೇಪಿಸಿದ ಮೇಲ್ಮೈಯ ಮೇಲೆ ಹಾಯಿಸಿ, ಯಾವ ಉಷ್ಣತೆಯಲ್ಲಿ ಅಂಟಿಕೊಳ್ಳುತ್ತವೆಂದು ಒಂದೊಂದೇ ಪರಮಾಣುವನ್ನು ಎಣಿಸಿ ನೋಡುವ ಪ್ರಯೋಗಗಳು ನಡೆದಿವೆ. ಒಗನೆಸ್ಸಾನಿಗೆ ಅಷ್ಟೂ ಸಮಯವಿಲ್ಲ. ಅದು ಅನಿಲವಾಗಿರಲಾರದು, ಕೋಣೆಯ ಉಷ್ಣತೆಯಲ್ಲಿ ಘನವಾಗಿರಬಹುದು, ಆರ್ಗಾನಿನಂತೆ ನಿರ್ಲಿಪ್ತವಾಗಿಯೂ ಇರಲಾರದು ಎನ್ನುತ್ತವೆ ಲೆಕ್ಕಾಚಾರಗಳು. ಮೆಂಡಲೀವನಿಗೆ ಗುಣಗಳು ತಿಳಿದಿದ್ದವು, ಅವುಗಳಿಂದ ಸ್ಥಾನವನ್ನು ಹುಡುಕಿದ. ಇಂದು ಸಂಖ್ಯೆಯಿಂದ ಸ್ಥಾನ ಮೊದಲೇ ತೀರ್ಮಾನವಾಗಿರುತ್ತದೆ, ಗುಣ ಗೊತ್ತಿರುವುದಿಲ್ಲ. 119ನೆಯದನ್ನು ಪಡೆಯುವ ಯತ್ನಗಳು ನಡೆದಿವೆ. ಸಿಕ್ಕಿದ ದಿನ ಅದು ಸೋಡಿಯಂ, ಪೊಟ್ಯಾಸಿಯಂಗಳ ಕೆಳಗೆ ಹೋಗಿ ಕೂರುತ್ತದೆ. ಆದರೆ ಕ್ಷಾರ ಲೋಹದಂತೆ ನಡೆದುಕೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ಅದರ ಸಂಖ್ಯೆಯಿಂದ ಓದುವಂತಿಲ್ಲ, ಅಳೆದೇ ತಿಳಿಯಬೇಕು.